ಕರಾವಳಿಯ ಸೆಕೆ, ಕೊಡ್ಲಿಯ ಝಳ: ಬೇಸಿಗೆಯ ಮುನ್ನೋಟವನ್ನು ಓದುವ ಬಗೆ

ಭಾರತ ಹವಾಮಾನ ಇಲಾಖೆಯು ಪ್ರತಿವರ್ಷವೂ ಫೆಬ್ರವರಿಯ ಕೊನೆಗೆ ಒಮ್ಮೆ, ಮಾರ್ಚ್ ತಿಂಗಳ ಕೊನೆಗೆ ಮತ್ತೊಮ್ಮೆ, ಬರಲಿರುವ ಬೇಸಿಗೆಯು ಹೇಗಿದ್ದೀತೆಂಬ ಮುನ್ನೋಟವನ್ನು ಪ್ರಕಟಿಸುತ್ತದೆ. ದೇಶದ ನಕ್ಷೆಯ ಮೇಲೆ ನಾನಾ ವರ್ಣಗಳಲ್ಲಿ ಹರಡಿಕೊಂಡ ಈ ವಿಸ್ತಾರವಾದ ಹೇಳಿಕೆಯು ಮರುದಿನದ ಪತ್ರಿಕೆಯನ್ನು ಸೇರುವ ವೇಳೆಗೆ ‘ಈ ಸಲ ಬಿಸಿಲು ಹೆಚ್ಚು’ ಎಂಬ ಒಂದೇ ಶೀರ್ಷಿಕೆಯಾಗಿ ಸಂಕುಚಿತಗೊಂಡು, ಮಲ್ಪೆಯ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವವನಿಗೂ ಶಹಾಬಾದಿನ ಗಣಿಯಲ್ಲಿ ಪರಸಿಕಲ್ಲು ಸೀಳುವವನಿಗೂ ಒಂದೇ ಸಮಾಚಾರವನ್ನು ತಲುಪಿಸಿದಂತೆ ಕಾಣುತ್ತದೆ. ಆದರೆ ಇಬ್ಬರ ಬೇಸಿಗೆಯೂ ಒಂದಲ್ಲ. ಮೂವತ್ತೇಳು ಡಿಗ್ರಿ ಎಂಬ ಅಂಕೆಯು ಮಲ್ಪೆಯಲ್ಲಿ ಅಪಾಯದ ಹೊಸ್ತಿಲು. ಸೇಡಂನಲ್ಲಿ ಅದೇ ಅಂಕೆಯು ಏಪ್ರಿಲ್ ತಿಂಗಳ ಸೌಮ್ಯವಾದ ಮಧ್ಯಾಹ್ನ. ಕಲಬುರಗಿ ಜಿಲ್ಲೆಯಲ್ಲಿ, ಮೊದಲು ಚಿಂಚೋಳಿ ತಾಲ್ಲೂಕಿನಲ್ಲಿದ್ದು ಈಗ ಕಾಳಗಿ ತಾಲ್ಲೂಕಿಗೆ ಸೇರಿರುವ ಕೊಡ್ಲಿ, ಅದರ ಸುತ್ತಣ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ನಿವಾಸಿಗಳು ಈ ಮುನ್ನೋಟವನ್ನು ತಮ್ಮ ನೆಲಕ್ಕೆ ಅನ್ವಯಿಸಿಕೊಳ್ಳುವ ಕ್ರಮವನ್ನೂ, ದುಡಿಮೆಯ ನಿಮಿತ್ತ ಮಂಗಳೂರು ಉಡುಪಿಗಳ ಕಡೆಗೆ ಹೋಗುವವರು ಅಲ್ಲಿ ಬದಲಾಯಿಸಿಕೊಳ್ಳಬೇಕಾದ ಅಭ್ಯಾಸಗಳನ್ನೂ ನಿರೂಪಿಸುವುದು ಈ ಲೇಖನದ ಉದ್ದೇಶ.

ಮೊದಲು ತಿಳಿಯಬೇಕಾದದ್ದು, ಋತುಮಾನದ ಮುನ್ನೋಟವು ಭವಿಷ್ಯವಾಣಿಯಲ್ಲ, ಸಂಭಾವ್ಯತೆಯ ಗಣನೆ ಎಂಬುದು. 1991ರಿಂದ 2020ರವರೆಗಿನ ಮೂವತ್ತು ವರ್ಷಗಳ ಸರಾಸರಿಯನ್ನು ಆಧಾರವಾಗಿಟ್ಟುಕೊಂಡು, ಈ ಬೇಸಿಗೆಯು ವಾಡಿಕೆಗಿಂತ ಕಡಿಮೆ, ವಾಡಿಕೆಯಂತೆ, ವಾಡಿಕೆಗಿಂತ ಹೆಚ್ಚು ಎಂಬ ಮೂರು ವರ್ಗಗಳಲ್ಲಿ ಯಾವುದಕ್ಕೆ ಸೇರುವ ಸಾಧ್ಯತೆ ಎಷ್ಟೆಂಬುದನ್ನು ಅದು ಹೇಳುತ್ತದೆ. ಹೀಗಾಗಿ ‘ಉತ್ತರ ಒಳನಾಡಿನಲ್ಲಿ ವಾಡಿಕೆಗಿಂತ ಹೆಚ್ಚು ಉಷ್ಣತೆಯ ಸಂಭವ’ ಎಂದಾಗ, ಏಪ್ರಿಲ್ ಹದಿನೆಂಟರಂದು ಕೊಡ್ಲಿಯಲ್ಲಿ ಎಷ್ಟು ಡಿಗ್ರಿ ಎಂದು ಅದರಲ್ಲಿ ಹುಡುಕುವುದು ವ್ಯರ್ಥ. ಆ ಪ್ರಶ್ನೆಗೆ ಉತ್ತರ ಕೊಡಲು ಬೇರೆ ಪ್ರಕಟಣೆಗಳುಂಟು. ಇಲಾಖೆಯು ಗುರುವಾರ ಗುರುವಾರ ಮುಂದಿನ ನಾಲ್ಕು ವಾರಗಳ ಸ್ಥೂಲ ಚಿತ್ರವನ್ನು ಕೊಡುತ್ತದೆ. ದಿನದಿನವೂ ಜಿಲ್ಲಾವಾರು ಮುನ್ಸೂಚನೆಯನ್ನು ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಸಂಕೇತದೊಡನೆ ಹೊರಡಿಸುತ್ತದೆ. ಗುಡುಗು ಮಿಂಚುಗಳ ಸಂದರ್ಭದಲ್ಲಿ ಮುಂದಿನ ಮೂರು ಗಂಟೆಗಳ ಎಚ್ಚರಿಕೆಯನ್ನೂ ನೀಡುತ್ತದೆ. ಇವಲ್ಲದೆ, 1988ರಲ್ಲಿ ಬರಗಾಲದ ಮೇಲ್ವಿಚಾರಣೆಗೆಂದು ಆರಂಭವಾಗಿ ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂಬ ಹೆಸರಿನಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ಸಂಸ್ಥೆಯು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನೂ ಹೋಬಳಿಗಳ ಮಟ್ಟದಲ್ಲಿ ಹವಾಮಾನ ಯಂತ್ರಗಳನ್ನೂ ಇರಿಸಿದ್ದು, ‘ವರುಣಮಿತ್ರ’ ಎಂಬ ಅದರ ಸಹಾಯವಾಣಿಯು ರೈತನೊಬ್ಬನು ದೂರವಾಣಿಯಲ್ಲಿ ಕೇಳಿದರೆ ಅವನ ಊರಿನ ಮಟ್ಟಕ್ಕೆ ಇಳಿದು ಉತ್ತರ ಹೇಳುತ್ತದೆ. ದೂರದ್ದನ್ನು ಸಿದ್ಧತೆಗೆ, ಹತ್ತಿರದ್ದನ್ನು ನಿರ್ಧಾರಕ್ಕೆ ಬಳಸಿಕೊಂಡವರಿಗೆ ಇವೆಲ್ಲವೂ ಉಪಯುಕ್ತ. ತಿರುಗುಮುರುಗು ಮಾಡಿದವರಿಗೆ ಯಾವುದೂ ಅಲ್ಲ.

ಹವಾಮಾನ ಶಾಸ್ತ್ರಜ್ಞರು ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರು ಉಪವಿಭಾಗಗಳಾಗಿ ಪರಿಗಣಿಸುತ್ತಾರೆ. ಬಿಸಿಗಾಳಿಯ ನಿರ್ಣಯವೂ ನೆಲವನ್ನು ನೋಡಿಯೇ ಆಗುತ್ತದೆ. ಬಯಲುನಾಡಿನಲ್ಲಿ ಗರಿಷ್ಠ ಉಷ್ಣತೆಯು ಕನಿಷ್ಠಪಕ್ಷ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಅದು ಆ ದಿನದ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಷ್ಟಾದರೂ ಮೀರಿದ್ದರೆ ಬಿಸಿಗಾಳಿ ಎನ್ನುತ್ತಾರೆ; ವಾಡಿಕೆ ಏನೇ ಇರಲಿ, 45 ಡಿಗ್ರಿ ದಾಟಿತೆಂದರೆ ಬಿಸಿಗಾಳಿ, 47 ದಾಟಿತೆಂದರೆ ತೀವ್ರ ಬಿಸಿಗಾಳಿ. ಕರಾವಳಿಯಲ್ಲಾದರೋ ಮಿತಿಯು 37ಕ್ಕೇ ಇಳಿಯುತ್ತದೆ. ಈ ಲೆಕ್ಕದಲ್ಲಿ ನಮ್ಮ ಭಾಗದವರು ಗಮನಿಸಬೇಕಾದ ಒಂದು ತೊಡಕುಂಟು. ಕಲಬುರಗಿಯ ಕಡೆ ಮೇ ತಿಂಗಳ ವಾಡಿಕೆಯ ಗರಿಷ್ಠವೇ 40ರ ಆಸುಪಾಸಿನಲ್ಲಿರುವುದರಿಂದ, 43 ಡಿಗ್ರಿಯ ದಿನವೊಂದು ಶಾಸ್ತ್ರದ ಅರ್ಥದಲ್ಲಿ ಬಿಸಿಗಾಳಿ ಎನಿಸಿಕೊಳ್ಳದೆಯೇ ಕಳೆದುಹೋಗಬಹುದು. ‘ಬಿಸಿಗಾಳಿಯ ಎಚ್ಚರಿಕೆ ಇಲ್ಲ’ ಎಂದು ಓದಿದ ಮಾತ್ರಕ್ಕೆ ಮಧ್ಯಾಹ್ನ ಒಂದು ಗಂಟೆಗೆ ಹೊಲಕ್ಕೆ ಹೊರಡುವುದು ಯುಕ್ತವಲ್ಲ.

ಕರಾವಳಿಯನ್ನು ಕಾಯುವುದು ಕಡಲಗಾಳಿ. ಬಿಸಿಲೇರಿ ನೆಲವು ಕಾದಂತೆ ಅದರ ಮೇಲಣ ಗಾಳಿಯು ಹಗುರಾಗಿ ಮೇಲೇಳುತ್ತದೆ. ಆ ಎಡೆಯನ್ನು ತುಂಬಲು ಸಮುದ್ರದ ಮೇಲಿನ ತಂಪುಗಾಳಿಯು ಮಧ್ಯಾಹ್ನದ ಮೊದಲೇ ದಡಕ್ಕೆ ನುಗ್ಗುವುದರಿಂದ ಕಾರವಾರದಿಂದ ಮಂಗಳೂರಿನವರೆಗೆ ಉಷ್ಣತೆಯು ಸಾಮಾನ್ಯವಾಗಿ 33, 34ರ ಬಳಿಯಲ್ಲಿಯೇ ನಿಲ್ಲುತ್ತದೆ. ಘಟ್ಟದ ಕಡೆಯಿಂದ ಬೀಸುವ ಒಣ ಪೂರ್ವದ ಗಾಳಿಯು ಬಲವಾಗಿದ್ದು ಕಡಲಗಾಳಿಯನ್ನು ತಡೆದು ನಿಲ್ಲಿಸಿದ ದಿನಗಳಲ್ಲಿ ಮಾತ್ರ ಅಲ್ಲಿ ಉಷ್ಣತೆಯು ಹಠಾತ್ತನೆ ಏರುತ್ತದೆ. 2025ರ ಫೆಬ್ರವರಿಯ ಕೊನೆಯ ವಾರದಲ್ಲಿ, ಬೇಸಿಗೆ ಇನ್ನೂ ಕಾಲಿಡುವ ಮೊದಲೇ, ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಎಚ್ಚರಿಕೆ ಹೊರಟಿತ್ತು. ಆದರೂ ಅಲ್ಲಿನ ನಿತ್ಯದ ಕಷ್ಟ ಉಷ್ಣತೆಯದಲ್ಲ, ಆರ್ದ್ರತೆಯದು. ಗಾಳಿಯಲ್ಲಿ ನೀರಿನ ಅಂಶವು ಮೊದಲೇ ತುಂಬಿರುವುದರಿಂದ ಮೈಯ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ರಾತ್ರಿಯೂ ಸೆಕೆ ಇಳಿಯುವುದಿಲ್ಲ.

ಒಳನಾಡಿನ ಬೇಸಿಗೆಯ ಸ್ವಭಾವವು ಇದಕ್ಕೆ ನೇರ ವಿರುದ್ಧವಾದದ್ದು. ಸಹ್ಯಾದ್ರಿಯು ಸಮುದ್ರದ ಗಾಳಿಯನ್ನು ತಡೆದುಬಿಡುವುದರಿಂದಲೂ, ಮಾರ್ಚ್‌ನಿಂದ ಮೇ ಮಧ್ಯದವರೆಗೆ ಆಕಾಶವು ಬಹುಮಟ್ಟಿಗೆ ನಿರ್ಮಲವಾಗಿರುವುದರಿಂದಲೂ, ಉತ್ತರ ಮತ್ತು ವಾಯವ್ಯದ ಕಡೆಯಿಂದ ಒಣಗಾಳಿಯು ದಖ್ಖನ್ನಿನ ಪ್ರಸ್ಥಭೂಮಿಯ ಮೇಲೆ ಹರಿದು ಬರುವುದರಿಂದಲೂ, ಕೊಡ್ಲಿಯ ಸುತ್ತಣ ನಾಡು ದಿನದಿನಕ್ಕೆ ಕಾಯುತ್ತ ಹೋಗುತ್ತದೆ. ಸೂರ್ಯನು ಮಂಗಳೂರಿನಲ್ಲಿ ನಡುನೆತ್ತಿಗೆ ಬರುವುದು ಏಪ್ರಿಲ್ 24ರ ಸುಮಾರಿಗೆ. ಕೊಡ್ಲಿ, ಸೇಡಂಗಳಲ್ಲಿ ಮೇ 9ರ ಸುಮಾರಿಗೆ, ಅಂದರೆ ನೆಲವು ಎರಡು ತಿಂಗಳು ಕಾದು ಮುಗಿದ ಮೇಲೆ. ಆದುದರಿಂದಲೇ ಕರಾವಳಿಯ ಬಿಸಿಲು ತುದಿ ಮುಟ್ಟಿ ಮೋಡ ಕಟ್ಟತೊಡಗಿದಾಗಲೂ ಇಲ್ಲಿನದು ಇನ್ನೂ ಏರುತ್ತಲೇ ಇರುತ್ತದೆ. ನಮ್ಮ ಗಡಿಗೆ ಅಂಟಿಕೊಂಡೇ ಇರುವ ತೆಲಂಗಾಣವೂ ಅದರಾಚೆಯ ಆಂಧ್ರವೂ 2015ರ ಮೇ ತಿಂಗಳಿನಲ್ಲಿ ಎಂಥ ಬಿಸಿಗಾಳಿಗೆ ಸಿಕ್ಕಿದವೆಂದರೆ, ದೇಶದಲ್ಲಿ ಆಗ ಸತ್ತವರ ಸಂಖ್ಯೆ ಎರಡು ಸಾವಿರವನ್ನು ಮೀರಿತು. ಅವರಲ್ಲಿ ಬಹುಪಾಲು ಜನ ಈ ಎರಡು ರಾಜ್ಯಗಳವರೇ. ತಾಂಡೂರಿಗೂ ಚಿಂಚೋಳಿಗೂ ನಡುವೆ ಇರುವುದು ಆಡಳಿತದ ಗೆರೆಯೇ ಹೊರತು ಹವಾಮಾನದ ಗೆರೆಯಲ್ಲ.

ಒಣ ಝಳದ ಕಪಟವೆಂದರೆ, ಇಲ್ಲಿ ಬೆವರು ಕಾಣಿಸುವುದಿಲ್ಲ. ಚರ್ಮದ ಮೇಲೆ ಮೂಡಿದೊಡನೆಯೇ ಅದು ಆರಿಹೋಗುವುದರಿಂದ, ಎಷ್ಟು ನೀರು ಮೈಯಿಂದ ಹೊರಟುಹೋಯಿತೆಂಬುದು ದುಡಿಯುವವನಿಗೆ ತಿಳಿಯುವುದೇ ಇಲ್ಲ. ನಾಲಿಗೆ ಒಣಗಿ ತಲೆ ಸುತ್ತುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಆದ ಕಾರಣ ಒಳನಾಡಿನಲ್ಲಿ ಬಾಯಾರಿಕೆಗಾಗಿ ಕಾಯದೆ ಕುಡಿಯಬೇಕು. ಕರಾವಳಿಗೆ ದುಡಿಯಲು ಹೋದವನು ನೀರಿನ ಜೊತೆಗೆ ಗಾಳಿಯಾಡುವ ಎಡೆಯನ್ನೂ ಮೇಲಿಂದ ಮೇಲೆ ವಿಶ್ರಾಂತಿಯನ್ನೂ ಹುಡುಕಿಕೊಳ್ಳಬೇಕು. ಇದೇ ತತ್ತ್ವವು ಮನೆಯ ಸಾಮಗ್ರಿಗಳಿಗೂ ಸಲ್ಲುತ್ತದೆ. ಮಣ್ಣಿನ ರಂಜಣಗಿಯ ನೀರು ಇಲ್ಲಿ ಅಷ್ಟು ತಂಪಾಗುವುದೂ, ನೀರು ಹಾಕಿ ನಡೆಸುವ ಕೂಲರು ಕಲಬುರಗಿ ಸೀಮೆಯ ಮನೆಗಳಲ್ಲಿ ಬೇಸಿಗೆಯ ಆಧಾರವಾಗಿರುವುದೂ ಗಾಳಿಯ ಶುಷ್ಕತೆಯ ಪ್ರಸಾದ. ಅದೇ ಕೂಲರನ್ನು ಉಡುಪಿಯ ಬಾಡಿಗೆಕೋಣೆಗೆ ಒಯ್ದರೆ ಸೆಕೆಯನ್ನು ಹೆಚ್ಚಿಸುವ ಯಂತ್ರವಾದೀತು. ಅಲ್ಲಿ ಬರಿಯ ಫ್ಯಾನೇ ಉತ್ತಮ. ಇಲ್ಲಾದರೋ 40 ಡಿಗ್ರಿ ಮೀರಿದ ಮಧ್ಯಾಹ್ನ ಫ್ಯಾನು ಸುರಿಸುವುದು ಬಿಸಿಗಾಳಿಯನ್ನೇ ಆದ್ದರಿಂದ, ಒದ್ದೆ ಬಟ್ಟೆಯನ್ನು ಮೈಮೇಲೆ ಹಾಕಿಕೊಂಡ ಹೊರತು ಅದರಿಂದ ಪ್ರಯೋಜನವಿಲ್ಲ.

ಇನ್ನು ಈ ಸೀಮೆಗೇ ವಿಶೇಷವಾದ ಕಲ್ಲಿನ ವಿಚಾರ. ಶಹಾಬಾದ, ಚಿತ್ತಾಪುರ, ವಾಡಿ, ಸೇಡಂಗಳ ನೆಲದಡಿಯಲ್ಲಿ ಪದರಪದರವಾಗಿ ಹಾಸಿಕೊಂಡಿರುವ ಸುಣ್ಣದಕಲ್ಲು ಈ ನಾಡಿನ ಸಂಪತ್ತು; ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ, ಕಾಗಿಣಾ ನದಿಯ ದಂಡೆಯಲ್ಲಿ, ನಿಂತಿರುವುದು ಇಂಥ ನೆಲದ ಮೇಲೆಯೇ. ಇಂದು ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳು ಬೇಯಿಸುವುದೂ ಇದನ್ನೇ. ನೆಲಕ್ಕೆ ಪರಸಿ, ಗೋಡೆಗೆ ಪರಸಿ, ಬಡವರ ಮನೆಯ ಮಾಡಿಗೂ ಪರಸಿ ಎಂಬಂತಿರುವ ಈ ಊರುಗಳಲ್ಲಿ ಕಲ್ಲು ಹಗಲೆಲ್ಲ ಬಿಸಿಲನ್ನು ಕುಡಿದು ರಾತ್ರಿಯೆಲ್ಲ ಅದನ್ನು ಕೋಣೆಯೊಳಕ್ಕೆ ಬಿಡುತ್ತದೆ. ಹೀಗಾಗಿ ಇಲ್ಲಿನ ಓದುಗರು ಮುನ್ಸೂಚನೆಯಲ್ಲಿ ಗರಿಷ್ಠವನ್ನು ಮಾತ್ರ ನೋಡದೆ ಕನಿಷ್ಠವನ್ನೂ, ಅಂದರೆ ನಸುಕಿನ ಉಷ್ಣತೆಯನ್ನೂ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ರಾತ್ರಿ ತಂಪಾಗಿ ನಿದ್ದೆ ಬಂದರೆ ದೇಹವು ಮರುದಿನದ ಬಿಸಿಲಿಗೆ ಸಿದ್ಧವಾಗುತ್ತದೆ. ಎರಡು ಮೂರು ರಾತ್ರಿಗಳು ಎಡೆಬಿಡದೆ ಕುದಿದವೆಂದರೆ ವೃದ್ಧರೂ ಹೃದ್ರೋಗಿಗಳೂ ಕುಸಿಯತೊಡಗುತ್ತಾರೆ.

ಪರಿಹಾರವೂ ಅದೇ ಕಲ್ಲಿನಲ್ಲಿಯೇ ಉಂಟೆಂಬುದು ಸೋಜಿಗದ ಮಾತು. ಸುಟ್ಟು ನೀರು ಹೊಯ್ದ ಸುಣ್ಣವನ್ನು ಯುಗಾದಿಯ ಮೊದಲೇ ಮಾಳಿಗೆಯ ಮೇಲೆ ಎರಡು ಸಲ ಬಳಿದರೆ ಬಿಳಿಯ ಬಣ್ಣವು ಬಿಸಿಲಿನ ದೊಡ್ಡ ಪಾಲನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ; ಖರ್ಚು ಅತ್ಯಲ್ಪ, ಕೆಲಸ ಒಂದು ಬೆಳಗಿನದು. ತಗಡಿನ ಮನೆಯವರು ತಗಡಿನ ಮೇಲೆ ತೊಗರಿ ಕಟ್ಟಿಗೆಯನ್ನೋ ಜೋಳದ ಸೊಪ್ಪೆಯನ್ನೋ ಹರಡಿ ಕಟ್ಟುವುದುಂಟು. ಬೆಂಕಿಯ ಭಯವಿರುವ ಒಲೆಯ ಮಗ್ಗುಲನ್ನು ಬಿಟ್ಟು ಉಳಿದೆಡೆ ಅದೂ ಒಳ್ಳೆಯದೇ. ಸಂಜೆ ಮಾಳಿಗೆಗೆ ನೀರು ಚಿಮುಕಿಸಿ ಅಲ್ಲಿಯೇ ಮಲಗುವ ಹಳೆಯ ರೂಢಿಯನ್ನು ಬಿಡಬೇಕಾಗಿಲ್ಲ. ಕಲ್ಲಿನ ರಾಶಿಗಳ ಬಳಿ ಚೇಳು ಹೆಚ್ಚಾದ್ದರಿಂದ ಹೊರಸಿನ ಮೇಲೆ ಸೊಳ್ಳೆಪರದೆ ಕಟ್ಟಿ ಮಲಗಿದರೆ ಸಾಕು.

ಗಣಿಯ ಕೆಲಸಗಾರನ ಪಾಡು ಮುನ್ಸೂಚನೆಯ ಅಂಕೆಯೊಳಗೆ ಹಿಡಿಸುವುದಿಲ್ಲ. ಹವಾಮಾನ ಕೇಂದ್ರದಲ್ಲಿ ಉಷ್ಣತೆಯನ್ನು ಅಳೆಯುವುದು ಗಾಳಿಯಾಡುವ ಬಿಳಿಯ ಪೆಟ್ಟಿಗೆಯೊಳಗೆ, ನೆರಳಿನಲ್ಲಿ, ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿ. ನೆರಳಿಲ್ಲದ, ಗಾಳಿಯಿಲ್ಲದ, ಮೂರು ಕಡೆಯಿಂದಲೂ ಬಿಳಿಗಲ್ಲು ಪ್ರತಿಫಲಿಸುವ ಗುಂಡಿಯೊಳಗೆ ಕುಳಿತು ಕಲ್ಲು ಸೀಳುವವನಿಗೆ ಸಿಗುವ ತಾಪವು ಅದಕ್ಕಿಂತ ಬಹಳ ಹೆಚ್ಚಿನದು. ಸುಮಾರು 1,450 ಡಿಗ್ರಿಯಲ್ಲಿ ಕ್ಲಿಂಕರ್ ಬೇಯಿಸುವ ಸಿಮೆಂಟಿನ ಗೂಡುಗಳ ಪಕ್ಕದಲ್ಲಿ ದುಡಿಯುವ ಗುತ್ತಿಗೆ ಕಾರ್ಮಿಕರದ್ದೂ ಇದೇ ಕಥೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಾಯಿಸುವ ಪದ್ಧತಿಯನ್ನು ಸರ್ಕಾರವು ಬಹುಕಾಲದಿಂದ ಪಾಲಿಸುತ್ತ ಬಂದಿದೆ. ಫ್ಯಾನಿನ ಕೆಳಗೆ ಕುಳಿತು ಕಡತ ನೋಡುವವರಿಗೆ ಸಲ್ಲುವ ಈ ಔಚಿತ್ಯವು ಕಲ್ಲು ಸೀಳುವವರಿಗೂ, ಕೆರೆಯ ಹೂಳೆತ್ತುವ ಉದ್ಯೋಗ ಖಾತ್ರಿಯ ಕೂಲಿಗಳಿಗೂ ಮೊದಲಾಗಿ ಸಲ್ಲಬೇಕಾಗಿತ್ತಲ್ಲವೆ? ನಸುಕಿನ ಐದೂವರೆಗೆ ಆರಂಭಿಸಿ ಹನ್ನೊಂದಕ್ಕೆ ಕೆಲಸ ಬಿಡುವುದು, ಉಳಿದದ್ದನ್ನು ಸಂಜೆ ನಾಲ್ಕರ ನಂತರ ಮುಂದುವರಿಸುವುದು, ಹೊಸದಾಗಿ ಬಂದ ಕೂಲಿಗೆ ಮೊದಲ ಒಂದೆರಡು ವಾರ ಹಗುರಾದ ಕೆಲಸ ಕೊಟ್ಟು ಮೈಯನ್ನು ಬಿಸಿಲಿಗೆ ಪಳಗಿಸುವುದು, ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಲು ಎಡೆ ಕೊಡುವುದು, ಇವು ಯಾವುವೂ ಮಾಲೀಕನಿಗೆ ನಷ್ಟ ತರುವ ಏರ್ಪಾಡುಗಳಲ್ಲ. ದಿನವನ್ನು ಹೀಗೆ ಎರಡಾಗಿ ಮುರಿಯುವುದು ರೈತನಿಗೆ ಹೊಸದೇನೂ ಅಲ್ಲ.

ಕುಡಿಯುವುದೇನನ್ನು? ನೀರು, ಉಪ್ಪು ಬೆರೆಸಿದ ಮಜ್ಜಿಗೆ, ಜೋಳದ ಅಂಬಲಿ, ಹುಣಸೆ ಬೆಲ್ಲಗಳ ಪಾನಕ. ಯುಗಾದಿಯ ದಿನ ಈ ಕಡೆಯವರು ಬೇವಿನ ಹೂ, ಬೆಲ್ಲ, ಹುಣಸೆ, ಪುಟಾಣಿ ಹಾಕಿ ಕದಡಿ ಕುಡಿಯುವ ‘ಬೇವು’ ಎಂಬ ಪಾನೀಯವು ಋತುವಿನ ಆರಂಭಕ್ಕೆ ಒದಗಿದ್ದು ಆಕಸ್ಮಿಕವಾಗಿರಲಾರದು. ಭೇದಿಯಿಂದಲೋ ಬಿಸಿಲಿನಿಂದಲೋ ನಿತ್ರಾಣರಾದವರಿಗೆ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಗುಟುಕುಗುಟುಕಾಗಿ ಕೊಡಬಹುದು, ಉಪ್ಪು ಹೆಚ್ಚಾಗಕೂಡದು. ಸಾರಾಯಿಯಿಂದ ದೇಹದ ನೀರು ಇನ್ನಷ್ಟು ಹೊರಟುಹೋಗುತ್ತದೆ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ತೆಗೆದುಕೊಳ್ಳುವವರು ಬೇಸಿಗೆಗೆ ಮುಂಚೆ ವೈದ್ಯರನ್ನೊಮ್ಮೆ ವಿಚಾರಿಸುವುದು ಕ್ಷೇಮ.

ದಣಿವಿಗೂ ಬಿಸಿಲಾಘಾತಕ್ಕೂ ವ್ಯತ್ಯಾಸ ತಿಳಿದಿರಬೇಕು. ತಲೆನೋವು, ವಾಕರಿಕೆ, ಸ್ನಾಯುಗಳ ಸೆಳೆತ, ವಿಪರೀತ ಬೆವರು ಇವು ದಣಿವಿನ ಲಕ್ಷಣಗಳು. ನೆರಳು, ನೀರು, ವಿಶ್ರಾಂತಿಗಳಿಂದ ಶಮನವಾಗುತ್ತವೆ. ಮಾತು ತೊದಲಿ, ಬುದ್ಧಿ ಕದಡಿ, ಮೈ ಕೆಂಡದಂತೆ ಸುಡುತ್ತಿದ್ದರೆ ದೇಹದ ಉಷ್ಣತೆಯು 40 ಡಿಗ್ರಿಯನ್ನು ಮೀರಿದೆ ಎಂದೇ ಭಾವಿಸಿ 108ಕ್ಕೆ ಕರೆ ಮಾಡಬೇಕು. ಗಾಡಿ ಬರುವವರೆಗೆ ಸುಮ್ಮನಿರಬಾರದು. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ನೀರು ಸುರಿದು, ಬೀಸುತ್ತಲೇ ಇರಬೇಕು. ಕುತ್ತಿಗೆ, ಕಂಕುಳು, ತೊಡೆಯ ಸಂದುಗಳಲ್ಲಿ ತಣ್ಣನೆಯ ಬಟ್ಟೆ ಇಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಅದು ಶ್ವಾಸಕೋಶಕ್ಕೆ ಇಳಿದೀತು. ಈರುಳ್ಳಿ ಉಜ್ಜುವುದರಲ್ಲಿ ಕಾಲ ಕಳೆಯುವುದು ಬೇಡ.

ಮಾರ್ಚ್‌ನಿಂದ ಜೂನ್‌ವರೆಗಿನ ಗತಿ ಸಾಮಾನ್ಯವಾಗಿ ಹೀಗಿರುತ್ತದೆ. ಮಾರ್ಚ್‌ನಲ್ಲಿ ಹಗಲು ಏರಿದರೂ ರಾತ್ರಿಗಳು ಸಹ್ಯವಾಗಿರುತ್ತವೆ. ಏಪ್ರಿಲ್ ಎರಡನೆಯ ವಾರದಿಂದ ಮೇ ನಡುವಿನವರೆಗೆ ಕಡುಬೇಸಿಗೆ. ಇದರ ನಡುವೆಯೇ, ಒಂದು ಕಡೆಯ ತೇವಗಾಳಿಯೂ ಮತ್ತೊಂದು ಕಡೆಯ ಒಣಗಾಳಿಯೂ ಸಂಧಿಸುವ ರೇಖೆಯೊಂದು ವಿದರ್ಭ ಮರಾಠವಾಡಗಳಿಂದ ಒಳನಾಡು ಕರ್ನಾಟಕದ ಮೂಲಕ ತಮಿಳುನಾಡಿನವರೆಗೆ ಚಾಚಿಕೊಂಡಾಗ ಮಧ್ಯಾಹ್ನದ ಮೇಲೆ ಮೋಡ ಏಕಾಏಕಿ ಗೋಪುರದಂತೆ ಎದ್ದು ಗುಡುಗು, ಸಿಡಿಲು, ಬಿರುಗಾಳಿಗಳೊಡನೆ ಅಡ್ಡಮಳೆ ಸುರಿಯುತ್ತದೆ. ಕೆಲವು ಸಲ ಆಣೆಕಲ್ಲೂ ಬೀಳುತ್ತದೆ. 2014ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಜೊತೆಗೆ ನಮ್ಮ ಗಡಿಜಿಲ್ಲೆಗಳೂ ಇಂಥ ಆಣೆಕಲ್ಲಿನ ಹೊಡೆತಕ್ಕೆ ಸಿಕ್ಕಿದ್ದವು. ಝಳದಿಂದ ಬೆಂದವರಿಗೆ ಈ ಮಳೆ ಹಿತವೆನಿಸಿದರೂ ಬಯಲಿನಲ್ಲಿ ಕುರಿ ಕಾಯುವವರಿಗೆ ಸಿಡಿಲೇ ಮೃತ್ಯು. ಬಯಲಿನ ಒಂಟಿ ಬೇವಿನ ಮರವು ಆಶ್ರಯವಲ್ಲ. ಗುಡುಗು ಕೇಳಿಸಿತೆಂದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರದಲ್ಲಿದೆ ಎಂದರ್ಥ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯು ರೂಪಿಸಿದ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್ ಸಮೀಪದ ಸಿಡಿಲಿನ ಸುಳಿವನ್ನು ಕೊಡುತ್ತದೆ. ಕುರಿಗಾಹಿಯ ಮಕ್ಕಳಾದರೂ ಅದನ್ನು ಅವನ ಫೋನಿಗೆ ಹಾಕಿಕೊಡಬೇಕು.

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿ ಹೈದರಾಬಾದು, ಮುಂಬಯಿಗಳಿಗೆ ಹೋಗುವವರು, ವಿಶೇಷವಾಗಿ ಮಕ್ಕಳೊಡನೆ ತಾಂಡಾಗಳಿಂದ ದುಡಿಯಲು ಹೊರಡುವವರು, ಸಾಧ್ಯವಾದಷ್ಟು ರಾತ್ರಿಯ ಗಾಡಿಯನ್ನೇ ಹಿಡಿಯಲಿ. ಕರಾವಳಿಯ ದೋಣಿಗಳಲ್ಲಿ ದುಡಿಯುವವರಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಯ ನಿಷೇಧವಿರುವುದರಿಂದ ಮೇ ತಿಂಗಳ ಕೊನೆಗೆ ಅವರು ಊರಿಗೆ ಮರಳುತ್ತಾರೆ. ತೇವದ ಸೆಕೆಗೆ ಒಗ್ಗಿದ ಮೈ ಒಮ್ಮೆಲೇ ಒಣ ಝಳಕ್ಕೆ ಬಂದಾಗ ಮೊದಲ ವಾರ ಹೊಲದ ಕೆಲಸದಲ್ಲಿ ಆತುರ ಸಲ್ಲದು.

ಇನ್ನು ಬೇಸಾಯ. ತೊಗರಿಯ ಕಣಜವೆನಿಸಿ, 2019ರಲ್ಲಿ ತನ್ನ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯನ್ನು ಪಡೆದ ಈ ಜಿಲ್ಲೆಯಲ್ಲಿ ರಾಶಿ ಮುಗಿದ ಮೇಲೆ ಹೊಲಗಳು ಬೇಸಿಗೆಯುದ್ದಕ್ಕೂ ಬರಿದಾಗಿರುತ್ತವೆ. ಝಳವು ಉಪಕಾರಿಯಾಗುವ ಒಂದೇ ಸಂದರ್ಭವಿದು: ಅಡ್ಡಮಳೆಯ ಹಸಿ ಹಿಡಿದು ಆಳವಾಗಿ ಉತ್ತರೆ ಕಾಯಿಕೊರಕ ಹುಳುವಿನ ಕೋಶಗಳೂ ನೆಟೆರೋಗದ ಶಿಲೀಂಧ್ರವೂ ಬಿಸಿಲಿಗೆ ತೆರೆದುಕೊಂಡು ಬಹುಮಟ್ಟಿಗೆ ನಾಶವಾಗುತ್ತವೆ, ಇಳಿಜಾರಿಗೆ ಅಡ್ಡವಾಗಿ ಉತ್ತ ನೆಲ ಮುಂದಿನ ಮಳೆಯನ್ನು ಹೀರಿಕೊಳ್ಳುತ್ತದೆ. ದನಗಳಿಗೆ ಹಗಲು ನೆರಳಿನ ಹಕ್ಕೆ, ದಿನಕ್ಕೆ ಮೂರು ನಾಲ್ಕು ಸಲ ನೀರು, ಮೇವು ನಸುಕಿನಲ್ಲೂ ರಾತ್ರಿಯೂ. ಬೋರಿನ ನೀರು ಇಳಿಯತೊಡಗಿದ್ದರೆ ಬೇಸಿಗೆ ಶೇಂಗಾದ ಆಸೆಯನ್ನು ಬಿಟ್ಟು ಕುಡಿಯುವ ನೀರಿಗೆ ಕಾಪಾಡಿಕೊಳ್ಳುವುದು ವಿವೇಕ.

‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎಂದು ಹಿರಿಯರು ಹೇಳುವುದುಂಟು; ಮೇ ಕೊನೆಯ ವಾರದ ರೋಹಿಣಿ, ಜೂನ್ 8ರ ಸುಮಾರಿನ ಮಿರಗ, ಇವುಗಳ ಮೇಲೆ ಇಂದಿಗೂ ಹೆಸರು, ಉದ್ದು, ತೊಗರಿಗಳ ಬಿತ್ತನೆಯ ಲೆಕ್ಕ ನಡೆಯುತ್ತದೆ. ನಕ್ಷತ್ರಗಳ ಈ ಪಂಚಾಂಗವನ್ನು ಹೀಗಳೆಯುವವನು ನಾನಲ್ಲ. ಆದರೆ ಪಂಚಾಂಗದಲ್ಲಿ ಪ್ರಶಾಂತಸಾಗರದ ಉಷ್ಣತೆಗೆ ಸ್ಥಾನವಿಲ್ಲ. ಆ ಸಾಗರದ ಮಧ್ಯ ಮತ್ತು ಪೂರ್ವಭಾಗ ವಾಡಿಕೆಗಿಂತ ಕಾದು ‘ಎಲ್ ನಿನೊ’ ಉಂಟಾದ ವರ್ಷಗಳಲ್ಲಿ ನಮ್ಮ ಮುಂಗಾರು ದುರ್ಬಲವಾಗುವ ಸಂಭವ ಹೆಚ್ಚು. 2023ರಲ್ಲಿ ಹಾಗೆಯೇ ಆಯಿತು: ಮುಂಗಾರು ಕೇರಳವನ್ನು ಮುಟ್ಟಿದ್ದೇ ಜೂನ್ 8ರಂದು, ಆ ವರ್ಷದ ಆಗಸ್ಟ್ ದೇಶಕ್ಕೆ 1901ರಿಂದೀಚೆಗೆ ಅತ್ಯಂತ ಒಣ ಆಗಸ್ಟ್ ಆಯಿತು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು, ಬರಿದಾದ ಕೆರೆಬಾವಿಗಳೊಡನೆ ಬಂದ 2024ರ ಬೇಸಿಗೆ ಕಠೋರವಾಗಿತ್ತು. ಅದಕ್ಕೆ ಪ್ರತಿಯಾಗಿ 2025ರಲ್ಲಿ ಮುಂಗಾರು ಮೇ 24ರಂದೇ ಕೇರಳಕ್ಕೆ ಬಂದಿಳಿಯಿತು. ಎರಡು ವರ್ಷಗಳ ಅಂತರದಲ್ಲಿ ಎರಡು ವಾರಗಳ ವ್ಯತ್ಯಾಸ.

ಮುಂಗಾರಿನ ಮೊದಲ ಮುನ್ಸೂಚನೆಯು ಏಪ್ರಿಲ್ ನಡುವಿಗೂ, ಅದರ ಪರಿಷ್ಕೃತ ರೂಪವು ಮೇ ತಿಂಗಳ ಕೊನೆಗೂ ಬರುತ್ತದೆ. ಜಿಲ್ಲೆಯ ಕೃಷಿ ಹವಾಮಾನ ಸಲಹೆಯು ಮಂಗಳವಾರ ಮತ್ತು ಶುಕ್ರವಾರಗಳಲ್ಲಿ ಹೊರಡುತ್ತದೆ, ‘ಮೇಘದೂತ’ ಆ್ಯಪ್‌ನಲ್ಲಿ ಕನ್ನಡದಲ್ಲಿಯೇ ದೊರೆಯುತ್ತದೆ. ಮೇ ತಿಂಗಳ ಅಡ್ಡಮಳೆಯೊಂದು ಜೋರಾಗಿ ಸುರಿಯಿತೆಂದು ಮುಂಗಾರೇ ಬಂತೆಂದು ಭ್ರಮಿಸಿ ಬೀಜ ಚೆಲ್ಲಬೇಡಿ. ಪರಿಷ್ಕೃತ ಮುನ್ಸೂಚನೆಯನ್ನು ನೋಡಿ, ನಿಮ್ಮ ಹೊಲದ ಎರೆಮಣ್ಣು ಚೆನ್ನಾಗಿ ನೆನೆದ ಮೇಲೆಯೇ ಕೂರಿಗೆ ಹೂಡಿ.